ಮಗ ಸರಾಗ ಓದ್ತಾನೆ, ಏನು ಓದಿದೆ ಅಂದ್ರೆ ಹೇಳಲ್ಲ: ಕನ್ನಡ ಮೇಡಂ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯ ತಾಯಿ): ನಮಸ್ತೆ ಮೇಡಂ. ಮಗ ಐದನೇ ಕ್ಲಾಸು. ತಡವರಿಸದೆ ಗಟ್ಟಿಯಾಗಿ ಓದ್ತಾನೆ. ಪಾಠದ ಕೊನೆಯ ಪ್ರಶ್ನೆಗಳಿಗೂ ಸರಿಯಾಗೇ ಉತ್ತರ ಬರೀತಾನೆ. ಆದರೆ ಪುಸ್ತಕ ಮುಚ್ಚಿ, "ಏನಪ್ಪಾ ಕಥೆ ಇದು?" ಅಂದ್ರೆ ಬಾಯೇ ಬಿಡಲ್ಲ. ನ್ಯೂಸ್ ಪೇಪರ್ ಓದೋಕೆ ಕೊಟ್ಟರಂತೂ ಮುಗೀತು. ಯಾವ ಅಭ್ಯಾಸ ಪುಸ್ತಕ ತಗೊಳ್ಳಲಿ?

ಉತ್ತರ: ಪುಸ್ತಕ ಈಗಲೇ ಬೇಡ. ಇವತ್ತು ಸಂಜೆ ಅವನಿಗೆ ಈ ಸಾಲು ಬರೆದುಕೊಡಿ: "ಚೊಂಗನು ಮಿರಟೆಯಿಂದ ಲೊಬ್ಬವನ್ನು ಗುಡಪಿದನು." ಲೊಬ್ಬವನ್ನು ಗುಡಪಿದವರು ಯಾರು, ಎಲ್ಲಿಂದ ಗುಡಪಿದರು ಅಂತ ಕೇಳಿ. ಎರಡಕ್ಕೂ ಸರಿಯುತ್ತರವೇ ಬರುತ್ತೆ! ಸಾಲಿಗೆ ಅರ್ಥವೇ ಇಲ್ಲ, ನಾನು ಸುಮ್ಮನೆ ಕಟ್ಟಿದ್ದು. '-ಇಂದ', '-ಅನ್ನು' ನೋಡಿಕೊಂಡು ಪ್ರಶ್ನೆಗೆ ಪದ ಹೊಂದಿಸುವ ಚಾಲಾಕಿ ಮಕ್ಕಳಿಗೆ ಬೇಗ ಬಂದುಬಿಡುತ್ತೆ. ನಾವು ಮೇಷ್ಟ್ರುಗಳು ಅದಕ್ಕೇ ಅಂಕ ಕೊಡ್ತಾ ಬಂದಿದ್ದೀವಿ.

ಈ ಚಾಲಾಕಿ ಎಲ್ಲಾ ಬರಹದಲ್ಲೂ ನಡೆಯಲ್ಲ. ಹಾಗಾಗಿ ಬೇರೆ ಬೇರೆ ಥರದ್ದು ಕೊಡಿ. ಮಳೆಗಾಲದಲ್ಲಿ ಪೇಪರಲ್ಲಿ ಹೋಬಳಿವಾರು ಮಳೆ, ಹಾರಂಗಿ ಜಲಾಶಯದ ನೀರಿನ ಮಟ್ಟ ಬರುತ್ತಲ್ಲ, ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. "ಭಾಗಮಂಡಲದಲ್ಲಿ ಎಷ್ಟು ಮಳೆ?" ಅನ್ನೋದು ಹುಡುಕುವ ಪ್ರಶ್ನೆ, ಬೆರಳಿಟ್ಟು ತೋರಿಸಿದರೆ ಮುಗೀತು. ಹಾರಂಗಿಯ ಗರಿಷ್ಠ ಮಟ್ಟ 2859 ಅಡಿ, ಇವತ್ತು 2856 ಇದೆ ಅಂದ್ಕೊಳ್ಳಿ. "ತುಂಬೋಕೆ ಇನ್ನೆಷ್ಟು ಬೇಕು?" ಅಂದ್ರೆ ಎರಡು ಕಡೆ ನೋಡಬೇಕು. "ಒಳಹರಿವಿಗಿಂತ ಹೊರಹರಿವು ಜಾಸ್ತಿ ಇದ್ರೆ ನಾಳೆ ಮಟ್ಟ ಏನಾಗಬಹುದು?" ಅಂದ್ರೆ ಯೋಚಿಸಬೇಕು. ಕೊನೆಗೆ, "ಕುಶಾಲನಗರದಲ್ಲಿ ಮಳೆ ಇಷ್ಟು ಕಮ್ಮಿ, ಪಕ್ಕದ ಹಾರಂಗಿ ಯಾಕೆ ಏರ್ತಿದೆ?" ಅಂತ ಕೇಳಿ. ಉತ್ತರ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ನೀರು ಪುಷ್ಪಗಿರಿ ಕಡೆಯ ಬೆಟ್ಟಗಳಿಂದ ಬರುತ್ತೆ ಅನ್ನೋದನ್ನ ಅವನು ತನ್ನ ತಲೆಯಿಂದ ತಂದು ಸೇರಿಸಬೇಕು. ಅರ್ಥಮಾಡಿಕೊಂಡು ಓದೋದು ಅಂದ್ರೆ ಈ ಸೇರಿಸುವ ಕೆಲಸವೇ.

ತೋಟ ಇದ್ದರೆ, ರೋಗ ಬಾರದಂತೆ ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು ಚೀಟಿಗಳಲ್ಲಿ ಬರೆದು ಕಲಸಿಕೊಡಿ, ಸರಿಯಾಗಿ ಜೋಡಿಸಲಿ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸೋದು. ಅದರಲ್ಲಿ ಒಂದು ಚೀಟಿ: "ಉಜ್ಜಿದ ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ." ಹಿಡಿಯದಿದ್ದರೆ ಏನು ಮಾಡಬೇಕು ಅಂತ ಕೇಳಿ. ಇನ್ನು ಸುಣ್ಣ ಬೇಡ ಅಂತ ಚೀಟಿಯಲ್ಲಿ ಬರೆದಿರಲ್ಲ, ಆದರೂ ಹೇಳಿಯೇ ಇದೆ. (ಓದೋದಕ್ಕೆ ಮಾತ್ರ, ಮೈಲುತುತ್ತ ಕೈಗೆ ಕೊಡಬೇಡಿ ಮತ್ತೆ!)

ಕಥೆಗೆ ಬಂದ್ರೆ 'ಯಾರು, ಎಲ್ಲಿ' ಬಿಟ್ಟು ಬೇರೆ ಕೇಳಿ. "ಅಜ್ಜ ಕೊಡೆ ಮರೆತು ಹೋಗಿದ್ದರು. ಒಳಗೆ ಬಂದ ಕೂಡಲೇ ಅಜ್ಜಿ ಮಾತಾಡದೆ ಟವಲ್ ಎಸೆದು ಒಲೆ ಕಡೆ ತಿರುಗಿದರು." ಮಳೆ ಬಂದಿತ್ತಾ? ಅಜ್ಜಿಗೆ ಸಿಟ್ಟಾ? ಯಾವ ಪದದಿಂದ ಗೊತ್ತಾಯ್ತು? ಈ ಮೂರನೇ ಪ್ರಶ್ನೆ ಬಿಡಲೇಬೇಡಿ. ಪದ್ಯಕ್ಕೆ ಮಾತ್ರ ಪ್ರಶ್ನೆ ಬೇಡ, ಜೋರಾಗಿ ಹಾಡಿಕೊಳ್ಳಲಿ ಸಾಕು.

ಗೋಣಿಕೊಪ್ಪದ ತಂದೆ: ನಮ್ಮ ಮಗಳು ಕಥೆ ಪುಸ್ತಕ ಮುಟ್ಟಲ್ಲ. ಏಪ್ರಿಲ್, ಮೇ ಬಂತಂದ್ರೆ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿಯ ವರದಿ ಮಾತ್ರ ಒಂದಕ್ಷರ ಬಿಡದೆ ಓದ್ತಾಳೆ. ಇದನ್ನೂ ಓದು ಅನ್ನಬಹುದಾ?

ಉತ್ತರ: ಖಂಡಿತ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನೋ ಸಂಶೋಧಕರು 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಬರಹ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ನಿಮ್ಮ ಮಗಳದ್ದೂ ಅದೇ. ಒಂದೇ ಪಂದ್ಯದ ವರದಿ ಎರಡು ಪೇಪರಿಂದ ಕೊಡಿ. ಯಾರು ಏನು ಬಿಟ್ಟಿದ್ದಾರೆ, ಯಾವುದು ನಡೆದದ್ದು, ಯಾವುದು ವರದಿಗಾರರ ಅಭಿಪ್ರಾಯ ಅಂತ ಅವಳೇ ಗೆರೆ ಹಾಕಲಿ.

ಮಡಿಕೇರಿಯಿಂದ ಒಬ್ಬರು: ಮನೆಯಲ್ಲಿ ನಾವು ಅರೆಭಾಷೆ. ಕನ್ನಡ ಪಾಠನ ಅರೆಭಾಷೇಲಿ ವಿವರಿಸಿದ್ರೆ ಕನ್ನಡ ಕೆಡುತ್ತಾ?

ಉತ್ತರ: ಕೆಡಲ್ಲ. ಅರೆಭಾಷೆ, ಕೊಡವ ತಕ್ಕ್, ಯರವ ಭಾಷೆ ಯಾವುದಾದರೂ ಆಗಲಿ, ಓದಿದ್ದನ್ನು ಮಗು ಮೊದಲು ಮನೆಮಾತಲ್ಲೇ ಹೇಳಲಿ. ಕೆಲವೊಮ್ಮೆ ಅರ್ಥವಾಗಿರುತ್ತೆ, ಹೇಳೋಕೆ ಕನ್ನಡ ಪದ ಸಿಗ್ತಿರಲ್ಲ ಅಷ್ಟೆ. ಇನ್ನೊಂದು ಪರೀಕ್ಷೆ: ಅದೇ ಪಾಠ ನೀವು ಓದಿ ಹೇಳಿ. ಕೇಳಿದರೆ ಅರ್ಥವಾಗುತ್ತೆ, ಓದಿದರೆ ಇಲ್ಲ ಅಂದ್ರೆ ಅಕ್ಷರದ ಓದು ಇನ್ನೂ ಪಳಗಬೇಕು. ಕೇಳಿದರೂ ಆಗಲ್ಲ ಅಂದ್ರೆ ಕನ್ನಡದ ಮಾತುಕತೆ ಹೆಚ್ಚಬೇಕು. ನಾಪೋಕ್ಲಿನ ಅಮ್ಮ, ನೀವೂ ಇದನ್ನು ಮಾಡಿ ನೋಡಿ.

ಶನಿವಾರಸಂತೆ ಕಡೆಯ ಶಿಕ್ಷಕ: ಮೇಡಂ, ನನ್ನದು ಒಂದೇ ಕೋಣೆ, ಮೂರು ತರಗತಿ. ಇಷ್ಟೆಲ್ಲಾ ಪ್ರಶ್ನೆ ನಾನೊಬ್ಬ ಎಲ್ಲಿ ಕೇಳಲಿ?

ಉತ್ತರ: ನೀವು ಕೇಳಲೇಬೇಡಿ ಸರ್, ಮಕ್ಕಳೇ ಕೇಳಲಿ. ನಾಲ್ಕು ನಾಲ್ಕು ಜನರ ಗುಂಪು ಮಾಡಿ. ಒಬ್ಬರು ಮುಂದೇನಾಗಬಹುದು ಅಂತ ಊಹಿಸಲಿ, ಒಬ್ಬರು ಪ್ರಶ್ನೆ ಕೇಳಲಿ, ಒಬ್ಬರು ತಿಳಿಯದ ಪದ ಹಿಡಿಯಲಿ, ಒಬ್ಬರು ಎರಡು ಮಾತಲ್ಲಿ ಸಾರಾಂಶ ಹೇಳಲಿ. ಪ್ಯಾರಾ ಮುಗಿದ ಹಾಗೆ ಪಾಳಿ ಬದಲಾಗಲಿ. ಪಾಲಿಂಕ್ಸರ್ ಮತ್ತು ಬ್ರೌನ್ ಅನ್ನೋ ಸಂಶೋಧಕರು 1984ರಲ್ಲಿ ಬರೆದ ವಿಧಾನ ಇದು. ಶುರುವಿನಲ್ಲಿ ಗಲಾಟೆ ಆಗುತ್ತೆ, ಮೊದಲ ವಾರ ನೀವೇ ಒಂದು ಗುಂಪಿನ ಜೊತೆ ಕೂತು ಮಾಡಿ ತೋರಿಸಿ. ಬರುವ ಪ್ರಶ್ನೆಯೆಲ್ಲ 'ಯಾರು, ಏನು' ಆಗಿದ್ದರೆ, ಒಂದಾದರೂ 'ಯಾಕೆ' ಇರಲೇಬೇಕು ಅಂತ ಕಟ್ಟುಮಾಡಿ.