ಅಪ್‌ಡೇಟ್: ಇಂಗ್ಲಿಷಿನ ಕಷ್ಟದ ಪದಗಳು ಈಗ ನೆನಪಿರುತ್ತಿವೆ

ಬ್ಯಾಂಕ್ ಪರೀಕ್ಷೆಗೆ ಓದುವ ಇಂಗ್ಲಿಷ್ ಪದಗಳು ಸಂಜೆಗೇ ಮರೆತುಹೋಗುತ್ತವೆ ಎಂದು ಕೇಳಿದ್ದೆನಲ್ಲ, ವಿಜಯಪುರದಿಂದ, ಅದರ ಮುಂದಿನ ಕಥೆ ಇದು.

ನೀವೆಲ್ಲ ಕೊಟ್ಟ ಸಲಹೆಗಳಲ್ಲಿ ಕೆಲಸಕ್ಕೆ ಬಂದಿದ್ದು ಚೀಟಿ-ಡಬ್ಬಿ ಸಲಹೆ. ಹಳೇ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿದೆ. ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ ಮತ್ತು ಒಂದು ವಾಕ್ಯ. ಮೊದಲ ಡಬ್ಬಿಯದನ್ನು ದಿನಾ ನೋಡುವುದು. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ, ಅದನ್ನು ಸ್ವಲ್ಪ ದಿನ ಬಿಟ್ಟು ನೋಡುವುದು. ತಪ್ಪಿದರೆ ವಾಪಸ್ ಮೊದಲನೆಯದಕ್ಕೆ. ಇದು 1970ರ ದಶಕದಲ್ಲಿ ಜರ್ಮನಿಯ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯ ಮಾಡಿದ ಪದ್ಧತಿಯಂತೆ. ಫೋನೇ ಬೇಕು ಅನ್ನುವವರಿಗೆ ಹೀಗೇ ದಿನ ಬಿಟ್ಟು ಚೀಟಿ ತೋರಿಸುವ ಆಂಕಿ ಆ್ಯಪ್ ಇದೆ. ನನಗೆ ಫೋನ್ ತೆಗೆದರೆ ರೀಲ್ಸ್, ಹಾಗಾಗಿ ಬೇಡ.

ನಿಘಂಟನ್ನು ಎ ಇಂದ ಓದುವ ಸಲಹೆ ಸುಮ್ನೆ ದಂಡ. ಸಂಪಾದಕೀಯ ಓದುವುದು ಪರವಾಗಿಲ್ಲ, ಆದರೆ ಪ್ರತಿ ಪದ ಹುಡುಕುತ್ತಾ ಕೂತರೆ ವಿಷಯವೇ ತಲೆಗೆ ಹತ್ತಲ್ಲ.

ಧಾತು, ಅಂದರೆ ಪದದ ಮೂಲ, ಹಿಡಿದು ಕಲಿಯಿರಿ ಎಂದವರಿಗೆ ಜಾಸ್ತಿ ಥ್ಯಾಂಕ್ಸ್. ಎಷ್ಟೋ ಇಂಗ್ಲಿಷ್ ಪದಗಳಿಗೆ ಮೂಲವಾದ ಲ್ಯಾಟಿನ್ನಿನಲ್ಲಿ ‘ಲೊಕ್ವಿ’ ಅಂದರೆ ಮಾತಾಡು. ಲೊಕ್ವೇಷಸ್ ಎಂದರೆ ವಾಚಾಳಿ, ಎಲೊಕ್ವೆಂಟ್ ಎಂದರೆ ಚೆನ್ನಾಗಿ ಮಾತಾಡುವವರು, ಸೊಲಿಲೊಕ್ವಿ ಎಂದರೆ ಸ್ವಗತ. ಮೂರೂ ಒಟ್ಟಿಗೇ ಕೂತವು. ಇನ್ನೂ ಮಜಾ ಏನು ಗೊತ್ತಾ? ಲ್ಯಾಟಿನ್, ಸಂಸ್ಕೃತ ಒಂದೇ ಭಾಷಾ ಕುಟುಂಬದವು. ಡೆಂಟಿಸ್ಟ್‌ನಲ್ಲಿ ನಮ್ಮ ದಂತ, ಪೆಡೆಸ್ಟ್ರಿಯನ್‌ನಲ್ಲಿ ಪಾದ, ಹೊಸಬ ಎನ್ನುವ ನಾವಿಸ್‌ನಲ್ಲಿ ನವ, ಜೋರಾಗಿ ಕೂಗಾಡುವ ಎನ್ನುವ ವೊಸಿಫರಸ್‌ನಲ್ಲಿ ವಾಕ್ಕಿನ ನಂಟು ಇದೆ!

ಎಲ್ಲಾ ಕಡೆ ಇದು ನಡೆಯಲ್ಲ. ಎನರ್ವೇಟ್ ಕೇಳಿದರೆ ಎನರ್ಜಿ ಬಂದಂತೆ ಅನಿಸುತ್ತದೆ, ಅರ್ಥ ಮಾತ್ರ ಶಕ್ತಿ ಕುಂದಿಸು. ಆ ಚೀಟಿ ಇನ್ನೂ ಮೊದಲ ಡಬ್ಬಿಯಲ್ಲೇ ಇದೆ.