ಮುಕಾತಾ: ಯಾವ ಆಲ್ಬಮ್‌ನಿಂದ ಶುರು ಮಾಡ್ಬೇಕು? ಮತ್ತೆ ಅರಬಿ ಸ್ಯಾಂಪಲ್ ಜೊತೆ ಬೇಸ್ ಯಾಕೆ ಕೂಡ್ತಿಲ್ಲ?

ತಾಳದಂಗಡಿ:
ಪ್ಯಾಲೆಸ್ಟೀನ್ ರಾಪ್ ಅಂದ್ರೆ ಡ್ಯಾಮ್ ಗುಂಪಿನ ಹಾಡುಗಳಷ್ಟೇ ಗೊತ್ತು. ರಾಮಲ್ಲಾದ ಮುಕಾತಾ ರಾಪರ್ ಅಂತಾರೆ, ಆದ್ರೆ ಆಲ್ಬಮ್ ಹಾಕಿದ್ರೆ ಮಾತೇ ಇಲ್ಲ, ಚೂರು ಚೂರಾದ ಸದ್ದು ಮಾತ್ರ. ಬಾಯ್ಕಟ್ ಅನ್ನೋರೂ ಇವರೂ ಒಬ್ಬರೇನಾ? ಯಾವ ಕ್ರಮದಲ್ಲಿ ಕೇಳ್ಬೇಕು?

ಇನ್ನೊಂದು. ಅದೇ ಥರ ಹಳೇ ಅರಬಿ ರೆಕಾರ್ಡಿನ ತುಣುಕಿನ ಮೇಲೆ ಬೀಟ್ ಕಟ್ತಿದ್ದೀನಿ. ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನ 45ರ ವೇಗದಲ್ಲಿ ಓಡಿಸಿ ಸ್ಯಾಂಪ್ಲರಿಗೆ (ಸದ್ದಿನ ತುಣುಕು ಹಿಡಿದು ನುಡಿಸೋ ಯಂತ್ರ) ತಗೊಂಡು, ಆಮೇಲೆ 5 ಸೆಮಿಟೋನ್ (ಅರ್ಧಸ್ವರ) ಇಳಿಸಿದ್ದು. ಬೇಸ್ ನುಡಿಸಿದ್ರೆ ಅಪಸ್ವರ. ತಪ್ಪೆಲ್ಲಿ?

ನುಡಿಗತ್ತರಿ:
ಇಬ್ಬರೂ ಒಬ್ಬರೇ. ಮೊದಲು ಇಟ್ಕೊಂಡ ಹೆಸರು ಬಾಯ್ಕಟ್, ಅಂದ್ರೆ ಬಹಿಷ್ಕಾರ. ಮುಕಾತಾ ಅದೇ ಅರ್ಥದ ಅರಬಿ ಪದ. ಆದ್ರೆ ಅರಬಿಯಲ್ಲಿ ಅದಕ್ಕೆ 'ನಡುವೆ ಬಾಯಿ ಹಾಕಿ ಮಾತು ಕಡಿಯೋದು' ಅನ್ನೋ ಅರ್ಥವೂ ಇದೆ. ಮೂಲ ಧಾತು ಕಾಫ್-ತಾ-ಅಯ್ನ್, 'ಕತ್ತರಿಸು'. ಅದೇ ಧಾತುವಿನಿಂದ 'ಮಕ್ತಅ' ಬಂತು, ಅಂದ್ರೆ ತುಣುಕು. 'ತಕ್ತೀಅ' ಕೂಡ ಅಲ್ಲಿಂದಲೇ: ಪದ್ಯವನ್ನ ಗಣಗಳಾಗಿ ಒಡೆಯೋದು, ನಮ್ಮ ಛಂದಸ್ಸಿನ ಪ್ರಸ್ತಾರ ಇದೆಯಲ್ಲ, ಆ ಕೆಲಸ. ಸ್ಯಾಂಪಲ್ ಕತ್ತರಿಸಿ ಸಂಗೀತ ಕಟ್ಟೋರಿಗೆ ಇದಕ್ಕಿಂತ ಒಪ್ಪೋ ಹೆಸರು ನನಗಂತೂ ಹೊಳೆಯಲ್ಲ.

ಹುಡುಕುವಾಗ ಒಂದು ತೊಡಕಿದೆ. ರಾಮಲ್ಲಾದಲ್ಲಿರೋ ಪ್ಯಾಲೆಸ್ಟೀನ್ ಅಧ್ಯಕ್ಷರ ಕಚೇರಿ ಆವರಣಕ್ಕೂ ಮುಕಾತಾ ಅಂತಲೇ ಹೆಸರು. 2002ರಲ್ಲಿ ಇಸ್ರೇಲಿ ಸೇನೆ ಅರಾಫತ್‌ರನ್ನ ಮುತ್ತಿಗೆ ಹಾಕಿದ್ದು ಅಲ್ಲೇ. ಬರೀ ಹೆಸರು ಹಾಕಿದ್ರೆ ಆ ಕಟ್ಟಡವೇ ಬರುತ್ತೆ, ಜೊತೆಗೆ ಆಲ್ಬಮ್ ಹೆಸರು ಸೇರಿಸಿ.

2000ರ ದಶಕದಲ್ಲಿ ಇವರು 'ರಾಮಲ್ಲಾ ಅಂಡರ್‌ಗ್ರೌಂಡ್' ತಂಡ ಕಟ್ಟಿದವರಲ್ಲಿ ಒಬ್ಬರು. ಸ್ಟಾರ್ಮ್‌ಟ್ರ್ಯಾಪ್, ಅಂದ್ರೆ ಅಸಿಫೆ, ಜೊತೆಗಿದ್ದರು. ಅಮೆರಿಕದ ತಂತಿವಾದ್ಯ ತಂಡ ಕ್ರೋನೋಸ್ ಕ್ವಾರ್ಟೆಟ್ 2009ರ ತಮ್ಮ 'ಫ್ಲಡ್‌ಪ್ಲೇನ್' ಆಲ್ಬಮ್‌ನಲ್ಲಿ ಈ ತಂಡದ 'ತಶ್ವೀಶ್' ನುಡಿಸಿದ್ದಾರೆ. ತಶ್ವೀಶ್ ಅಂದ್ರೆ ರೇಡಿಯೊದಲ್ಲಿ ಬರೋ ಅಡ್ಡಸದ್ದು. ಮುಂದೆ ಬಾಸಿಲ್ ಅಬ್ಬಾಸ್, ರುಆನ್ ಅಬು-ರಹ್ಮೆ ಅನ್ನೋ ಕಲಾವಿದರ ಜೊತೆ ಸೇರಿ ದೃಶ್ಯ-ಧ್ವನಿ ಪ್ರದರ್ಶನ ಮಾಡಿದ ಗುಂಪಿಗೂ ಅದೇ ಹೆಸರು.

ಕೇಳೋ ಕ್ರಮಕ್ಕೆ ಆಲ್ಬಮ್‌ಗಳ ಹೆಸರೇ ದಾರಿ ತೋರಿಸುತ್ತೆ. 2013ರದು 'ಹಯವಾನ್ ನಾತಿಕ್', ಮಾತಾಡುವ ಪ್ರಾಣಿ. ಅರಬಿ ತತ್ತ್ವಶಾಸ್ತ್ರದಲ್ಲಿ ಮನುಷ್ಯನಿಗೆ ಕೊಡೋ ಲಕ್ಷಣ ಅದು. 2017ರದು 'ಲಾ ಲಿಸಾನ ಲಹ್', ಅವನಿಗೆ ನಾಲಿಗೆಯಿಲ್ಲ. 2018ರಲ್ಲಿ 'ಇಂಕಾನಕುಂತು', 2021ರಲ್ಲಿ 'ಕಾಮಿಲ್ ಮನ್ಕೂಸ್', ಪೂರ್ಣ ಆದರೂ ಊನ. ಮಾತಿನಿಂದ ಹೊರಟು ಮಾತೇ ಬೇಡ ಅನ್ನೋ ಕಡೆಗೆ ಬಂದಿದ್ದಾರೆ. ರಾಪ್ ಬಿಟ್ಟರು ಅಂತ ನಾನು ಹೇಳಲ್ಲ. ಪ್ರಾಸ ಬೀಳಬೇಕಾದ ಜಾಗದಲ್ಲಿ ಈಗ ತುಣುಕು ಬೀಳುತ್ತೆ, ಅಷ್ಟೆ. ಅದಕ್ಕೇ 2013ರದನ್ನ ಮೊದಲು ಕೇಳಿ.

ಕಾಲುಸ್ವರ:
ಎರಡನೇ ಪ್ರಶ್ನೆಗೆ ಬರ್ತೀನಿ. ನಿಮ್ಮಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿವೆ.

ಮೊದಲನೇದು ವೇಗದ ಲೆಕ್ಕ. 45ನ್ನ 33⅓ರಿಂದ ಭಾಗಿಸಿದ್ರೆ 1.35. ಅಷ್ಟು ವೇಗ ಹೆಚ್ಚಾದ್ರೆ ಶ್ರುತಿ ಏರೋದು 5 ಸೆಮಿಟೋನ್ ಅಲ್ಲ, ಸುಮಾರು 5.2. ನೀವು 5 ಮಾತ್ರ ಇಳಿಸಿದ್ದಕ್ಕೆ ಸ್ಯಾಂಪಲ್ 20 ಸೆಂಟ್ ಮೇಲೆ ಉಳೀತು (ಸೆಂಟ್ ಅಂದ್ರೆ ಸೆಮಿಟೋನಿನ ನೂರನೇ ಒಂದು ಭಾಗ). ಎಸ್‌ಪಿ-1200 ಅನ್ನೋ ಹಳೇ ಸ್ಯಾಂಪ್ಲರಿನಲ್ಲಿ ಒಟ್ಟು ಸುಮಾರು 10 ಸೆಕೆಂಡಷ್ಟೇ ಜಾಗ ಇದ್ದಿದ್ದರಿಂದ, ಅದನ್ನ ಉಳಿಸೋಕೆ ಹುಟ್ಟಿದ ಉಪಾಯ ಈ 45ರಲ್ಲಿ ಓಡಿಸೋದು. ಸದ್ದನ್ನ ಒರಟಾಗಿ ಹಿಡಿಯೋ 12 ಬಿಟ್, 26.04 ಕಿಲೋಹರ್ಟ್ಸ್ ಯಂತ್ರ ಅದು. ಇಳಿಸಿದಾಗ ಬರೋ ಒರಟುತನ ಬೇಕು ಅಂದ್ರೆ ಮಾಡಿ, ಇಲ್ಲಾಂದ್ರೆ ನೇರ 33ರಲ್ಲೇ ತಗೊಳ್ಳಿ. ಹೀಗೇ ಇಟ್ಕೊಳ್ಳೋದಾದ್ರೆ ಸ್ಯಾಂಪಲನ್ನ ಇನ್ನೂ 20 ಸೆಂಟ್ ಇಳಿಸಿ, ಅಥವಾ ಬೇಸನ್ನ 20 ಸೆಂಟ್ ಏರಿಸಿ. ಆಮೇಲೂ ಕಿವಿಯಲ್ಲಿ ಪರೀಕ್ಷೆ ಮಾಡಿ. ಹಳೇ ರೆಕಾರ್ಡ್ ಎಲ್ಲವೂ ಇವತ್ತಿನ ಮಾನಕ ಶ್ರುತಿಯಲ್ಲಿ (ಎ ಸ್ವರ 440 ಹರ್ಟ್ಸ್) ಇರಲ್ಲ.

ಎರಡನೇದು ಮಕಾಮ್, ಅಂದ್ರೆ ಅರಬಿ ಸಂಗೀತದಲ್ಲಿ ನಮ್ಮ ರಾಗದಂಥದ್ದು. ತುಣುಕು ರಾಸ್ತ್ ಮಕಾಮಿನದಾದ್ರೆ ಅದರ ಮೂರನೇ ಸ್ವರ ಕೀಬೋರ್ಡಿನಲ್ಲೇ ಇಲ್ಲ. ಸಿ ಆಧಾರವಾದ್ರೆ ಇ ಮತ್ತು ಇ-ಫ್ಲಾಟ್ ನಡುವೆ ಕೂರುತ್ತೆ. ಏಳನೇ ಸ್ವರದ ಕತೆಯೂ ಹಾಗೇ. ನೀವು ಮೇಜರ್ ಹಿಡಿದರೂ ಮೈನರ್ ಹಿಡಿದರೂ ಗುದ್ದಾಟ ತಪ್ಪಲ್ಲ. ಬೇಸಿನಲ್ಲಿ ಆಧಾರ, ಐದನೇ ಸ್ವರ, ಬೇಕಾದ್ರೆ ನಾಲ್ಕನೇದು. ಮೂರನೇದನ್ನ ಗಾಯಕರಿಗೇ ಬಿಡಿ.

ಬೇಕೇ ಬೇಕು ಅಂದ್ರೆ ಇ ಸ್ವರವನ್ನ ಪಿಚ್ ಬೆಂಡಿನಲ್ಲಿ (ಶ್ರುತಿ ಬಾಗಿಸೋ ನಿಯಂತ್ರಣ) 50 ಸೆಂಟ್ ಇಳಿಸಿ. ಬೆಂಡ್ ವ್ಯಾಪ್ತಿ ±2 ಸೆಮಿಟೋನ್ ಇದ್ದರೆ ಬೆಲೆ −2048 (ಪೂರ್ತಿ ಇಳಿಕೆ −8192). ವ್ಯಾಪ್ತಿ 12ಕ್ಕೆ ಇಟ್ಟಿದ್ದರೆ ಅದೇ ಸಂಖ್ಯೆ 3 ಸೆಮಿಟೋನ್ ಕೆಳಗೆ ಎಳೆಯುತ್ತೆ, ಮೊದಲು ಅದನ್ನ ನೋಡಿ. ಬೆಂಡ್ ಆ ಚಾನೆಲ್‌ನ ಎಲ್ಲ ಸ್ವರಕ್ಕೂ ತಗಲುತ್ತೆ, ಹಾಗಾಗಿ ಒಂದು ಸಲಕ್ಕೆ ಒಂದೇ ಸ್ವರ ನುಡಿಸೋ ಬೇಸಿಗೆ ಸರಿ, ಕಾರ್ಡ್‌ಗೆ ಆಗಲ್ಲ. 50 ಅನ್ನೋದೂ ಅಂದಾಜೇ. ಊರಿಂದ ಊರಿಗೆ, ವಾದಕರಿಂದ ವಾದಕರಿಗೆ ಆ ಸ್ವರ ಸ್ವಲ್ಪ ಮೇಲೆ ಕೆಳಗೆ ಆಗುತ್ತೆ.

ದುಮ್‌ತಕ್:
ಕತ್ತರಿಸೋ ಬಗ್ಗೆ ಒಂದು ಮಾತು ಸೇರಿಸ್ತೀನಿ. ಸಾಫ್ಟ್‌ವೇರ್ ತಾನೇ ಹಿಡಿಯೋ ಟೆಂಪೊ ನಂಬಬೇಡಿ. ಹಳೇ ವಾದ್ಯಮೇಳ ಗಾಯಕರ ಉಸಿರನ್ನ ಅನುಸರಿಸುತ್ತೆ, ನಡೆ ಒಂದೇ ಸಮ ಇರಲ್ಲ. ಈಕಾ (ಅರಬಿ ತಾಳ) ಮಕ್ಸೂಮ್ ಆದ್ರೆ ಎಂಟು ಎಣಿಕೆಯಲ್ಲಿ ದುಮ್ (ದಪ್ಪ ಪೆಟ್ಟು) 1 ಮತ್ತು 5ಕ್ಕೆ, ತಕ್ (ಚುರುಕು ಪೆಟ್ಟು) 2, 4, 7ಕ್ಕೆ. 1ರ ದುಮ್ ಹುಡುಕಿ, ಪೆಟ್ಟಿಗಿಂತ 3ರಿಂದ 5 ಮಿಲಿಸೆಕೆಂಡ್ ಮುಂಚೆ ಕತ್ತರಿ ಹಾಕಿ, ಅಷ್ಟೇ ಉದ್ದದ ಫೇಡ್ (ಸದ್ದನ್ನ ಮೆಲ್ಲಗೆ ಏರಿಸೋದು) ಕೊಡಿ. ಫೇಡ್ ಬಿಟ್ಟರೆ ಟಕ್ ಅನ್ನೋ ಸದ್ದು ಬರುತ್ತೆ. ಮುಕಾತಾ ಸಂಗೀತದಲ್ಲಿ ಆ ಟಕ್ ಅನ್ನೇ ತಾಳವಾಗಿಸಿರೋ ಜಾಗಗಳು ಕೇಳ್ತವೆ, ಆದ್ರೆ ಅದು ಗೊತ್ತಿದ್ದೂ ಮಾಡಿದ್ದು.

ಕೇಳೋ ಕ್ರಮದಲ್ಲಿ ನನ್ನದು ಬೇರೆ ಮತ. ಅರಬಿ ಬರದವರಿಗೆ 2013ರ ರಾಪ್‌ನಲ್ಲಿ ಅರ್ಧ ಸುಖ ಕೈತಪ್ಪುತ್ತೆ. 'ಇಂಕಾನಕುಂತು' ಹೆಡ್‌ಫೋನಿನಲ್ಲಿ ಮೊದಲು ಕೇಳಿ. ಬೀದಿಯ ಸದ್ದು ಎಲ್ಲಿ ಮುಗೀತು, ಡ್ರಮ್ ಎಲ್ಲಿ ಶುರುವಾಯ್ತು ಅನ್ನೋ ಗೆರೆ ಹುಡುಕ್ತಾ ಹೋಗಿ.

ತಾಳದಂಗಡಿ:
20 ಸೆಂಟ್ ಇಳಿಸಿದೆ, ಆಧಾರ ಸ್ವರ ಕೂತ್ಕೊಂಡಿತು. ಮೂರನೇ ಸ್ವರ ತೆಗೆದ ಮೇಲೆ ಗುದ್ದಾಟವೂ ಇಲ್ಲ. ಏಳನೇದನ್ನ ಮಾತ್ರ ಬೆಂಡ್ ಹಾಕಿ ನೋಡ್ತೀನಿ.

ಕಾಲುಸ್ವರ:
ಆ ಸ್ವರ ಮುಗಿದ ಕೂಡಲೇ ಬೆಂಡನ್ನ 0ಗೆ ತನ್ನಿ, ಇಲ್ಲಾಂದ್ರೆ ಮುಂದಿನ ಆಧಾರ ಸ್ವರವೇ 50 ಸೆಂಟ್ ಕೆಳಗೆ ಬೀಳುತ್ತೆ.