ನೈಟ್ರಸ್ ಒತ್ತಿದ್ರೆ ಎಳೆಯೋ ಬದಲು ಮುಗ್ಗರಿಸ್ತಿದೆ, ತಲೆ ಕೆಟ್ಟೋಗಿದೆ

ಹಳೇಲಾರಾ: ಸ್ಕೋಡಾ ಲಾರಾ 1.8 ಟಿಎಸ್‌ಐ ಟರ್ಬೊ ಕಾರು, ಸ್ಟೇಜ್ 2 ಟ್ಯೂನ್, ಅದರ ಮೇಲೆ 50 ಶಾಟ್ (ಸುಮಾರು 50 ಎಚ್‌ಪಿ ಹೆಚ್ಚಿಸೋ) ನೈಟ್ರಸ್ ವೆಟ್ ಕಿಟ್, ಅಂದ್ರೆ ಬಾಟಲಿಯ ನೈಟ್ರಸ್ ಆಕ್ಸೈಡ್ ಜೊತೆ ಹೆಚ್ಚುವರಿ ಪೆಟ್ರೋಲನ್ನೂ ಎಂಜಿನ್‌ಗೆ ಬಿಡೋದು. ಮೂರನೇ ಗೇರಲ್ಲಿ ಬಟನ್ ಒತ್ತಿದ್ರೆ ಒಂದು ಸಲ ಜಗ್ಗಿ ಎಳೆಯುತ್ತೆ, ಆಮೇಲೆ ಗೂಟಕ್ಕೆ ಕಟ್ಟಿದ ಹಾಗೆ ಆಗುತ್ತೆ. ಹಿಂದೆ ಕರೀ ಹೊಗೆ. ಎಲ್ಲಾ ಚೆಕ್ ಮಾಡಿಸಿ ಆಯ್ತು, ದುಡ್ಡೂ ಖಾಲಿ ಆಯ್ತು. ಯಾರಾದ್ರೂ ಹೇಳ್ರಪ್ಪ ಏನಿದು ಅಂತ.

ಬೂಸ್ಟ್‌ಭಟ್ರು: ಸ್ಪಾರ್ಕ್ ಪ್ಲಗ್ಗು. ಕಣ್ಮುಚ್ಕೊಂಡು ಹೇಳ್ತೀನಿ. ಟರ್ಬೊ ಬೂಸ್ಟ್ ಮೇಲೆ ನೈಟ್ರಸ್ ಸೇರಿದ್ರೆ ಸಿಲಿಂಡರ್ ಒತ್ತಡ ಏರಿ ಕಿಡಿ ಆರಿಹೋಗುತ್ತೆ. ಗ್ಯಾಪ್ 0.6 ಮಿ.ಮೀ.ಗೆ ಇಳಿಸಿ, ಒಂದು ಹೀಟ್ ರೇಂಜ್ ಕೋಲ್ಡ್ ಪ್ಲಗ್ (ಬಿಸಿ ಬೇಗ ಬಿಟ್ಟುಕೊಡೋದು) ಹಾಕಿ.

ಹಳೇಲಾರಾ: ಅದೆಲ್ಲ ಹಾಕಿ ಆಗಿದೆ ಸರ್. ಕಾಯಿಲ್ ಕೂಡ ಹೊಸದು.

ಬೂಸ್ಟ್‌ಭಟ್ರು: ಗ್ಯಾಪ್ ನೀವೇ ಅಳೆದ್ರಾ, ಮೆಕ್ಯಾನಿಕ್ ಹೇಳಿದ್ದನ್ನ ನಂಬಿದ್ರಾ? ಪ್ಲಗ್ ಫೋಟೊ ಹಾಕಿ ಮೊದ್ಲು.

ಧಾರವಾಡ_ಡ್ರ್ಯಾಗ್: ಪ್ಲಗ್ ಬಿಡ್ರಿ ಭಟ್ರ. ಎಎಫ್‌ಆರ್, ಅಂದ್ರ ಗಾಳಿ-ಪೆಟ್ರೋಲ್ ಅನುಪಾತ, ಎಷ್ಟೈತಿ ಅಂತ ಒಬ್ರೂ ಕೇಳಲಿಲ್ಲಲ್ಲ. ಕರೀ ಹೊಗಿ ಅಂದ್ರ ಪೆಟ್ರೋಲ್ ಜಾಸ್ತಿ, ಇಲ್ಲಾ ನೈಟ್ರಸ್ ಕಮ್ಮಿ.

ಹಳೇಲಾರಾ: ಒತ್ತಿದ ತಕ್ಷಣ 11.5, ಆಮೇಲೆ 9.8ಕ್ಕೆ ಬೀಳುತ್ತೆ, ಅಂದ್ರೆ ಪೆಟ್ರೋಲ್ ಜಾಸ್ತಿನೇ. ಬಾಟಲಿ ಒತ್ತಡ 950 ಪಿಎಸ್‌ಐ ಇದೆ, ಪರ್ಜ್ ಮಾಡಿದ್ರೆ (ಪೈಪಿನಲ್ಲಿರೋದನ್ನ ಹೊರಗೆ ಬಿಟ್ರೆ) ಬೆಳ್ಳಗೆ ಚೆನ್ನಾಗೇ ಬರುತ್ತೆ. ಡೈನೋ (ನಿಂತಲ್ಲೇ ಚಕ್ರ ತಿರುಗಿಸಿ ಪವರ್ ಅಳೆಯೋ ರೋಲರ್) ಮೇಲಂತೂ ಏನೂ ತೊಂದ್ರೆ ಇಲ್ಲ. ಡ್ರ್ಯಾಗ್ ರೇಸ್ ಸ್ಟ್ರಿಪ್‌ನಲ್ಲಿ ಮಾತ್ರ ಹಿಂಗೆ.

ಕರಾವಳಿ_ಟರ್ಬೊ: ಕಿಟ್ಟಿನ ಫ್ಯೂಯೆಲ್ ಜೆಟ್ (ಪೆಟ್ರೋಲ್ ಬಿಡುವ ತೂತು) ಒಂದು ಸೈಜ್ ಸಣ್ಣದು ಹಾಕಿ ಮಾರಾಯ್ರೆ, ಸರಿ ಆಗ್ತದೆ. ನನ್ನ ಪೋಲೊ ಜಿಟಿಗೆ ಹೈಬ್ರಿಡ್ ಟರ್ಬೊ, ದೊಡ್ಡ ಇಂಟರ್‌ಕೂಲರ್, ಮೆಥನಾಲ್ ಎಲ್ಲ ಉಂಟು. 100 ಆಕ್ಟೇನ್ ಬಿಟ್ಟು ಬೇರೆ ಪೆಟ್ರೋಲ್ ಮುಟ್ಟುವುದೇ ಇಲ್ಲ.

ಗಾಡಿಗೌಡ: ನಿನ್ನ ಪೋಲೊದ ಆ 7 ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸ್ 250 ಎನ್‌ಎಂ ಟಾರ್ಕ್‌ಗೆ ಅಂತ ಮಾಡಿರೋದು. ಮೊದಲು ಅದರ ಕಥೆ ನೋಡ್ಕೊ ಗುರು.

ಕರಾವಳಿ_ಟರ್ಬೊ: ನನ್ನ ಕ್ಲಚ್ಚಿನ ಚಿಂತೆ ನಿಮಗೆ ಯಾಕೆ?

ಧಾರವಾಡ_ಡ್ರ್ಯಾಗ್: ಜಗಳ ಆಮ್ಯಾಲ ಆಡ್ರಿ. ಜೆಟ್ ಮುಟ್ಟಬ್ಯಾಡ್ರಿ! ಬಾಟ್ಲಿ ಯಾವ ಕಡೆ ಮುಖ ಮಾಡಿ ಮಲಗಿಸೀರಿ?

ಹಳೇಲಾರಾ: ಸ್ಟೆಪ್ನಿ ಗುಂಡಿಲಿ, ವಾಲ್ವ್ ಹಿಂದಕ್ಕೆ. ಡಿಕ್ಕಿ ತೆಗೆದ್ರೆ ಕೈಗೆ ಸಿಗ್ಲಿ ಅಂತ ಫಿಟ್ ಮಾಡಿದವ್ರು ಹಂಗಿಟ್ರು. ಅದಕ್ಕೂ ಇದಕ್ಕೂ ಏನ್ ಸಂಬಂಧ?

ಧಾರವಾಡ_ಡ್ರ್ಯಾಗ್: ಸಂಬಂಧ ಅದಾ ಅದ. ವಾಲ್ವಿನಿಂದ ಒಳಗ ಸೈಫನ್ ಕೊಳವಿ ಇರ್ತದ, ಅದರ ತುದಿ ಬಾಟ್ಲಿ ತಳದ ಮೂಲ್ಯಾಗ. ನೀವು ತಿರುವಿ ಮಲಗಿಸಿದ್ದಕ್ಕ ಆ ತುದಿ ಈಗ ಕಾರಿನ ಮುಂದಿನ ಕಡೆ ಬಂದೈತಿ. ಗಾಡಿ ಜಿಗಿದ ಕೂಡ್ಲೆ ದ್ರವ ಹಿಂದಕ್ಕ ಸರೀತದ, ಕೊಳವಿಗೆ ಬರೇ ಗ್ಯಾಸ್ ಸಿಗ್ತದ. ಪೆಟ್ರೋಲ್ ಜೆಟ್ ಮಾತ್ರ ತನ್ನ ಪಾಲು ಸುರೀತಾನ ಇರ್ತದ, ಅದಕ್ಕ 9.8. ಡೈನೋ ಮ್ಯಾಗ ಗಾಡಿ ನಿಂತಲ್ಲೇ ಇರ್ತದಲ್ರಿ, ದ್ರವ ಯಾಕ ಸರೀತದ? ಈಗ ಜೆಟ್ ಸಣ್ಣದು ಮಾಡಿದ್ರ, ಬಾಟ್ಲಿ ತುಂಬಿದ ದಿನ ದ್ರವ ಪೂರಾ ಬಂದು, ಪೆಟ್ರೋಲ್ ಸಾಲದ ಲೀನ್ ಆಗಿ ಪಿಸ್ಟನ್ ಕರಗ್ತದ. ವಾಲ್ವ್ ಮುಂದಕ್ಕ, ವಾಲ್ವ್ ಇರೋ ತುದಿ 15 ಡಿಗ್ರಿ ಮ್ಯಾಲ, ಲೇಬಲ್ ಮ್ಯಾಲ್ಮುಖ. ಮತ್ತ ಇದನ್ನ ಊರ ರಸ್ತೆದಾಗ ಟೆಸ್ಟ್ ಮಾಡಬ್ಯಾಡ್ರಿ.

ಗಾಡಿಗೌಡ: ಬಾಟಲಿ ಬಿಸಿಲಲ್ಲೂ ಬಿಡ್ಬೇಡಿ. 36.4 ಡಿಗ್ರಿ ದಾಟಿದ್ರೆ ಒಳಗೆ ದ್ರವ ಅನ್ನೋದೇ ಇರಲ್ಲ.

ಹಳೇಲಾರಾ: ಹೌದು, ಹೊಸದಾಗಿ ತುಂಬಿಸಿದ ದಿನ ಸ್ಟ್ರಿಪ್‌ನಲ್ಲೂ ಸುಮಾರಾಗಿ ಓಡಿತ್ತು. ಬ್ರಾಕೆಟ್ ತಿರುಗಿಸಿಯೇ ಹೇಳ್ತೀನಿ.

ಹಳೇಲಾರಾ: ಅರ್ಧ ಬಾಟಲಿಲೂ 11.5 ಬಿಟ್ಟು ಅಲ್ಲಾಡ್ಲಿಲ್ಲ! ಧಾರವಾಡದ ಅಣ್ಣ, ಕೈ ಮುಗಿದೆ. ಈಗ ವಾಲ್ವ್ ತೆರೆಯೋಕೆ ಹಿಂದಿನ ಸೀಟ್ ಮಡಚಬೇಕು, ಅದೊಂದು ಕರ್ಮ. ರಿಮೋಟ್ ಓಪನರ್ ಯಾರ ಹತ್ರ ಇದೆ?

ಬೂಸ್ಟ್‌ಭಟ್ರು: ಸಂತೋಷ. ಅಷ್ಟು ರಿಚ್ (ಪೆಟ್ರೋಲ್ ಜಾಸ್ತಿ) ಆಗಿ ಓಡಿದ ಮೇಲೆ ಮಸಿ ಹಿಡಿದಿರುತ್ತೆ, ಪ್ಲಗ್ ಒಂದ್ಸಲ ತೆಗೆದು ನೋಡಿ.

ಕರಾವಳಿ_ಟರ್ಬೊ: ರಿಮೋಟ್ ಓಪನರ್ ನನ್ನ ಪೋಲೊದಲ್ಲಿ ಉಂಟು. ಫೋಟೊ ಹಾಕ್ತೇನೆ, ಇಂಟರ್‌ಕೂಲರಿನದ್ದೂ ಹಾಕ್ತೇನೆ.